ಹೂವಿನಬಾಗೆಯ ಹಾದಿ: ವಸಂತಕಾಲದ ಒಂದು ದಿನದ ಸೈಕಲ್ ಪ್ರವಾಸ

೧

ನಮ್ಮ ಪಂಚಾಂಗದಂತೆ ವಸಂತಋತುವು ಚೈತ್ರ ಶುದ್ಧ ಪ್ರತಿಪದೆಯಂದು ಮೊದಲಾಗುತ್ತದೆ. ಆದರೆ ಮುತ್ತಲಗಿಡವು ಪಂಚಾಂಗವನ್ನು ಕೇಳಿ ಹೂ ಬಿಡುವುದಿಲ್ಲ. ಮಾಘಮಾಸವು ಮುಗಿಯುತ್ತ ಬಂದು, ಎಲೆಗಳೆಲ್ಲ ಉದುರಿ, ಪಂಚಾಂಗವು ಇನ್ನೂ ಶಿಶಿರವೆಂದೇ ಹೇಳುತ್ತಿರುವಾಗ ಅದರ ಬರಿಯ ಕೊಂಬೆಗಳಲ್ಲಿ ಕಪ್ಪು ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಫಾಲ್ಗುನದಲ್ಲಿ ಗಿಡಕ್ಕೆ ಗಿಡವೇ ಕೆಂಪಾಗುತ್ತದೆ. ಹೋಳಿಯ ಬಣ್ಣಕ್ಕೆ ಈ ಹೂವನ್ನು ಕುದಿಸುತ್ತಿದ್ದ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಾಗಿದ್ದುವು. ಹೂವಿನ ಕೊಂಕಾದ ಎಸಳು ಗಿಳಿಯ ಕೊಕ್ಕನ್ನು ಹೋಲುವುದರಿಂದ, "ಇದೇನು, ಗಿಳಿಯೋ?" ಎಂಬ ಅರ್ಥ ಬರುವಂತೆ ಸಂಸ್ಕೃತದವರು ಇದಕ್ಕೆ ಕಿಂಶುಕವೆಂದು ಹೆಸರಿಟ್ಟರು. ಉಪನಯನದಲ್ಲಿ ವಟುವಿನ ಕೈಗೆ ಕೊಡುವ ದಂಡವೂ ಇದರದೇ. ಊಟದ ಪತ್ರಾವಳಿಯೂ ಇದರ ಎಲೆಯದೇ. ಇಷ್ಟು ಹತ್ತಿರದ ಗಿಡವು ಇನ್ನೊಂದಿಲ್ಲವೆಂದರೂ ಸಲ್ಲುವುದು.

ಹೀಗಿರಲು ಒಂದು ಪ್ರಶ್ನೆಯು ಏಳುತ್ತದೆ. ಚಿಕ್ಕೋಡಿಯ ಸೀಮೆಯಲ್ಲಿ ಈಗ್ಗೆ ನೂರು ವರ್ಷಗಳ ಹಿಂದೆ ಮುತ್ತಲವು ಯಾವ ದಿನ ಹೂ ಬಿಟ್ಟಿತು? ಐವತ್ತು ವರ್ಷಗಳ ಹಿಂದೆ? ಕಳೆದ ವರ್ಷ? ನಮ್ಮ ಹಿರಿಯರು ಗ್ರಹಣವನ್ನು ಘಳಿಗೆ-ವಿಘಳಿಗೆಗಳ ಲೆಕ್ಕದಿಂದ ಹೇಳಬಲ್ಲವರಾಗಿದ್ದರು. ಕುಲಕರ್ಣಿಗಳ ದಫ್ತರಗಳಲ್ಲಿ ಹೊಲದ ಎಕರೆ-ಗುಂಟೆಗಳೂ ಸಾರಾ ಹಣದ ಬಾಕಿಯೂ ಸಿಕ್ಕುತ್ತವೆ. ಇ. ಸ. ೧೮೭೬ ರಿಂದ ೧೮೭೮ ರ ವರೆಗಿನ ಘೋರಕ್ಷಾಮವನ್ನು ಜನರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರದ ಬರವೆಂದು ನೆನಪಿಟ್ಟರು. ದುಃಖದ ವರ್ಷಗಳಿಗೆ ಹೆಸರು ಬಂದಿತು. ಹೂವಿನ ದಿನಗಳಿಗೆ ಬರಲಿಲ್ಲ.

ಪ್ರಕೃತ ಲೇಖದಲ್ಲಿ ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗಗಳ ಮೇಲೆ ಕಾಗವಾಡದ ವರೆಗೆ, ಹೂವಿನ ಕಾಲದಲ್ಲಿ ಒಂದು ದಿನದಲ್ಲಿ ಸೈಕಲ್ಲಿನ ಮೇಲೆ ಸಾಗಬಹುದಾದ ಹಾದಿಯ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಆ ಹಾದಿಯನ್ನು ಹಿಡಿಯುವ ಮೊದಲು, ಹೂವಿನ ದಿನಗಳನ್ನು ಬರೆದಿಟ್ಟ ಒಂದು ದೇಶದ ಮಾತನ್ನೂ, ನಮ್ಮ ಜಿಲ್ಲೆಗೆ ಸೈಕಲ್ಲು ಬಂದ ಕಥೆಯನ್ನೂ ಹೇಳುವುದು ಅವಶ್ಯ.

೨

ಆ ದೇಶವು ಜಪಾನ. ಇ. ಸ. ೭೯೪ ರಲ್ಲಿ ಅಲ್ಲಿಯ ಅರಸರು ಕ್ಯೋಟೊ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡರು. ೮೧೨ ರ ವಸಂತದಲ್ಲಿ ಸಾಗನೆಂಬ ಚಕ್ರವರ್ತಿಯು ತನ್ನ ಉದ್ಯಾನದಲ್ಲಿ ಪುಷ್ಪಗೋಷ್ಠಿಯನ್ನು ಕೂಡಿಸಿದನು. ಮುಂದೆ ಆ ಪದ್ಧತಿಯು ಬೇರೂರಿತು. ಆಸ್ಥಾನದ ಅಧಿಕಾರಿಗಳೂ ಮಠದ ಭಿಕ್ಷುಗಳೂ ತಂತಮ್ಮ ದಿನಚರಿಗಳಲ್ಲಿ, ಇಂತಹ ದಿನ ಸಾಕುರಾ ಮರಗಳು ತುಂಬ ಅರಳಿದುವು, ಇಂತಹವರು ಕೂಡಿದರು, ಕವಿತೆಗಳನ್ನು ಓದಿದರು ಎಂದು ಬರೆಯುತ್ತ ಬಂದರು. ಅವರು ಶಾಸ್ತ್ರಕ್ಕಾಗಿ ಬರೆದವರಲ್ಲ, ಸಂತೋಷಕ್ಕಾಗಿ ಬರೆದರು. ಆದರೆ ಬರೆದ ದಿನಾಂಕವು ಉಳಿಯಿತು.

ನಮ್ಮ ಕಾಲದಲ್ಲಿ ಅಓನೊ ಯಾಸುಯುಕಿ ಎಂಬ ಪ್ರಾಧ್ಯಾಪಕರು ಈ ಹಳೆಯ ದಿನಚರಿಗಳನ್ನೂ ಬಖೈರುಗಳನ್ನೂ ಸೋಸಿ, ಕ್ಯೋಟೊ ನಗರದ ಕಾಡುಸಾಕುರಾ ಮರಗಳು ತುಂಬ ಅರಳಿದ ದಿನಗಳ ಪಟ್ಟಿಯನ್ನು ಒಂಬತ್ತನೆಯ ಶತಮಾನದಿಂದ ಇಲ್ಲಿಯ ವರೆಗೆ ಕಟ್ಟಿದರು. ನಡುನಡುವೆ ವರ್ಷಗಳು ಬಿಟ್ಟುಹೋಗಿದ್ದರೂ ಪಟ್ಟಿಯು ಸಾವಿರದ ಇನ್ನೂರು ವರ್ಷಗಳಷ್ಟು ಉದ್ದವಾಗಿದೆ. ಆ ಮರಕ್ಕೆ ಚಳಿಗಾಲದ ತಂಪು ಸಾಕಷ್ಟು ತಗುಲಿದ ಮೇಲೆ ಮಾರ್ಚಿ ತಿಂಗಳಿನ ಬಿಸಿಲು ಬೇಕು. ಬಿಸಿಲು ಹೆಚ್ಚಿದರೆ ಹೂವು ಬೇಗ, ಕಡಿಮೆಯಾದರೆ ತಡ. ಆದುದರಿಂದ ಹೂವಿನ ದಿನವು ತಿಳಿದರೆ ಆ ವರ್ಷದ ವಸಂತದ ಉಷ್ಣಮಾನವನ್ನು ಊಹಿಸಬಹುದು. ಉಷ್ಣಮಾಪಕವು ಹುಟ್ಟುವುದಕ್ಕೆ ಎಂಟುನೂರು ವರ್ಷಗಳ ಮೊದಲಿನ ಬಿಸಿಲನ್ನು ಒಂದು ಮರದಿಂದ ಅಳೆದಂತಾಯಿತು. ೨೦೨೧ ನೆಯ ಇಸವಿಯಲ್ಲಿ ಕ್ಯೋಟೊದಲ್ಲಿ ಮರಗಳು ಮಾರ್ಚಿ ೨೬ ನೆಯ ತಾರೀಖಿಗೆ ತುಂಬ ಅರಳಿದುವು. ಅಲ್ಲಿಯ ವರೆಗಿನ ಇಡಿಯ ಪಟ್ಟಿಯಲ್ಲಿ ಇದಕ್ಕಿಂತ ಮುಂಚಿನ ದಿನವಿರಲಿಲ್ಲ; ೧೪೦೯ ರ ಮಾರ್ಚಿ ೨೭ ಅದರ ಹಿಂದಿನ ಮೇರೆಯಾಗಿತ್ತು. ಭೂಮಿಯು ಬಿಸಿಯಾಗುತ್ತಿರುವುದಕ್ಕೆ ಕವಿಗೋಷ್ಠಿಯ ದಿನಚರಿಯು ಸಾಕ್ಷಿ ನುಡಿಯುವುದೆಂದು ಆ ಕವಿಗಳು ಕನಸಿನಲ್ಲಿಯೂ ನೆನೆದಿರಲಿಕ್ಕಿಲ್ಲ.

ಇಂದು ಅಲ್ಲಿಯ ಸರಕಾರದ ಹವಾಮಾನ ಇಲಾಖೆಯು ಊರೂರಿಗೆ ಒಂದು ಮಾದರಿಯ ಮರವನ್ನು ಗೊತ್ತುಮಾಡಿದೆ. ಅದರಲ್ಲಿ ಐದಾರು ಹೂವುಗಳು ತೆರೆದುವೆಂದರೆ ಆ ಊರಿನಲ್ಲಿ ಹೂವಿನ ಕಾಲವು ಆರಂಭವಾಯಿತೆಂದು ಸಾರುತ್ತಾರೆ. ದಕ್ಷಿಣದ ದ್ವೀಪಗಳಿಂದ ಉತ್ತರದ ಹೊಕ್ಕೈಡೊ ವರೆಗೆ ಹೂವಿನ ಸಾಲು ವಾರವಾರಕ್ಕೆ ಮೇಲೇರುವುದನ್ನು ಜನರು ಮಳೆಯ ಸುದ್ದಿಯಂತೆ ಕಾದು ಕೇಳುತ್ತಾರೆ.

ಆ ಕಾಲದಲ್ಲಿ ಜನರು ಹಳ್ಳಿಗಳ ಕಡೆಗೆ ಸೈಕಲ್ಲಿನ ಮೇಲೆ ಹೊರಡುವುದೂ ಉಂಟು. ಓಕಾಯಾಮಾ ಪ್ರಾಂತದಲ್ಲಿ ಕಿಬಿಯೆಂಬ ಬಯಲು ಇದೆ. ಅಲ್ಲಿ ಸುಮಾರು ಹದಿನೈದು ಕಿಲೋಮೀಟರುಗಳ ಸೈಕಲ್ ಹಾದಿಯನ್ನು ಗದ್ದೆಗಳ ನಡುವೆ ಮಾಡಿದ್ದಾರೆ. ಒಂದು ರೈಲು ನಿಲ್ದಾಣದಲ್ಲಿ ಬಾಡಿಗೆಗೆ ಸೈಕಲ್ಲು ತಕ್ಕೊಂಡು ಇನ್ನೊಂದು ನಿಲ್ದಾಣದ ಹತ್ತಿರ ಒಪ್ಪಿಸಬಹುದು. ನಡುವೆ ೧೪೨೫ ರಲ್ಲಿ ಮತ್ತೆ ಕಟ್ಟಿದ ಕಿಬಿತ್ಸು ದೇವಾಲಯವಿದೆ. ಐದನೆಯ ಶತಮಾನದ ಅರಸನ ಗುಡ್ಡದಂತಹ ಸಮಾಧಿಯಿದೆ. ೭೪೧ ರಲ್ಲಿ ಶೋಮು ಚಕ್ರವರ್ತಿಯ ಆಜ್ಞೆಯಿಂದ ಪ್ರಾಂತಕ್ಕೊಂದರಂತೆ ಸ್ಥಾಪಿಸಿದ ಬೌದ್ಧವಿಹಾರಗಳಲ್ಲಿ ಒಂದರ ಸ್ಥಾನವಿದ್ದು, ಅಲ್ಲಿ ಮುಂದಿನ ಕಾಲದಲ್ಲಿ ಕಟ್ಟಿದ ಐದು ನೆಲೆಗಳ ಗೋಪುರವು ನಿಂತಿದೆ. ವಿಹಾರದ ಮುಂದಿನ ಗದ್ದೆಗಳಲ್ಲಿ ವಸಂತಕ್ಕೆ ಹೂವು ಹಾಸಿರುತ್ತದೆ. ಹಾದಿಯು ಚಿಕ್ಕದು, ನೋಡುವ ಕಾಲಾವಧಿಯು ದೊಡ್ಡದು. ಇದನ್ನು ಓದಿದಾಗ, ನಮ್ಮ ಕೃಷ್ಣಾ ಬಯಲಿಗೆ ಇದರಲ್ಲಿ ಯಾವುದು ಕಡಿಮೆಯೆಂದು ಕೇಳಬೇಕೆನಿಸುತ್ತದೆ.

೩

ಕಾಲ್ನಡಗೆಯು ನಿಧಾನ, ಮೋಟರಿನಲ್ಲಿ ಕುಳಿತವನಿಗೆ ಗಿಡ ಕಾಣುವಷ್ಟರಲ್ಲಿ ಗಿಡವು ಹಿಂದೆ ಬಿದ್ದಿರುತ್ತದೆ. ಎರಡರ ನಡುವಿನ ವೇಗವು ಸೈಕಲ್ಲಿನದು. ದ್ವಿಚಕ್ರಿಯೆಂದು ಸಂಸ್ಕೃತದ ಹೆಸರು ಕೊಟ್ಟರೂ ಜನರ ಬಾಯಲ್ಲಿ ನಿಂತುದು ಸೈಕಲ್ಲೇ. ಇಂಗ್ಲಂಡಿನಲ್ಲಿ ಎರಡೂ ಗಾಲಿಗಳು ಸಮವಾಗಿರುವ, ಸರಪಳಿಯಿಂದ ಓಡುವ ಸೈಕಲ್ಲನ್ನು ಸ್ಟಾರ್ಲೆಯು ೧೮೮೫ ರಲ್ಲಿ ಮಾಡಿದನು. ಗಾಳಿ ತುಂಬಿದ ರಬ್ಬರಿನ ಗಾಲಿಯನ್ನು ಡನ್ಲಪ್ಪನು ೧೮೮೮ ರಲ್ಲಿ ತಂದನು. ಅದೇ ೧೮೮೮ ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯು ತೆರೆಯಿತೆಂಬುದು ನಮ್ಮ ಜಿಲ್ಲೆಯ ಅಭಿಮಾನದ ಸಂಗತಿ.

ಆ ಅಂಗಡಿಯನ್ನು ತೆರೆದವರು ಲಕ್ಷ್ಮಣರಾವ ಕಿರ್ಲೋಸ್ಕರರು ಮತ್ತು ಅವರ ಅಣ್ಣಂದಿರಾದ ರಾಮಣ್ಣನವರು. ಲಕ್ಷ್ಮಣರಾಯರು ೧೮೬೯ ರಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆಯನ್ನು ಕಲಿಯಬೇಕೆಂದು ಮುಂಬಯಿಗೆ ಹೋದರು. ಬಣ್ಣಗಳ ಭೇದವು ಕಣ್ಣಿಗೆ ಸರಿಯಾಗಿ ತಿಳಿಯದೆಂದು ಕಂಡುಬರಲು ಯಂತ್ರಗಳ ರೇಖಾಚಿತ್ರದ ಕಡೆಗೆ ತಿರುಗಿ, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾದರು. ಮುಂಬಯಿಯಲ್ಲಿ ಒಬ್ಬರು ಸೈಕಲ್ಲು ಹತ್ತಿ ಹೋಗುವುದನ್ನು ಕಂಡು ಈ ಯಂತ್ರದಲ್ಲಿ ಅವರ ಮನಸ್ಸು ನೆಟ್ಟಿತು. ಅಲ್ಲಿಂದ ಸೈಕಲ್ಲುಗಳನ್ನು ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣನವರು ಮಾರುವುದು, ಕೊಂಡವರಿಗೆ ಹತ್ತಲು ಕಲಿಸುವುದು, ಕೆಟ್ಟುದನ್ನು ದುರಸ್ತಿ ಮಾಡುವುದು, ಹೀಗೆ ವ್ಯಾಪಾರವು ನಡೆಯಿತು. ದಕ್ಷಿಣ ಮರಾಠಾ ರೈಲ್ವೆಯು ಬೆಳಗಾವಿ-ಮಿರಜಗಳನ್ನು ಕೂಡಿಸಿದುದೂ ೧೮೮೦ ರ ದಶಕದಲ್ಲಿಯೇ. ಉಗಿಬಂಡಿಯು ದೊಡ್ಡ ಊರುಗಳನ್ನು ಹತ್ತಿರಕ್ಕೆ ತಂದಿತು. ನಿಲ್ದಾಣದಿಂದ ಹಳ್ಳಿಗೆ ಉಳಿದ ನಾಲ್ಕಾರು ಹರದಾರಿಯನ್ನು ಮುಂದೆ ಸೈಕಲ್ಲು ತುಂಬಿಕೊಟ್ಟಿತು. ಚಿಕ್ಕೋಡಿ ರೋಡ ಎಂಬ ನಿಲ್ದಾಣಕ್ಕೂ ಚಿಕ್ಕೋಡಿ ಪಟ್ಟಣಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೈಕಲ್ಲಿನ ದುರಸ್ತಿಯಲ್ಲಿ ಪಳಗಿದ ಕೈ ಮುಂದೆ ಒಕ್ಕಲುತನದ ಯಂತ್ರಗಳಿಗೆ ಹೋಯಿತು. ಮೇವು ಕತ್ತರಿಸುವ ಯಂತ್ರವೂ, ೧೯೦೩ ರಲ್ಲಿ ಕಬ್ಬಿಣದ ನೇಗಿಲೂ ಹೊರಬಿದ್ದುವು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ನಂಬಿದ್ದರಿಂದ ಮೊದಲ ನೇಗಿಲುಗಳು ಎರಡು ವರ್ಷಗಳ ವರೆಗೆ ಮಾರಾಟವಾಗದೆ ಕುಳಿತುವು. ಅವು ಮಾರತೊಡಗಿದ ಮೇಲೆ ಇನ್ನೊಂದು ವಿಘ್ನವು ಬಂದಿತು. ಊರನ್ನು ಬೆಳೆಸುವುದಕ್ಕಾಗಿ ಕಾರಖಾನೆಯ ಜಾಗೆಯು ಬೇಕಾಯಿತು. ಆಗ ಔಂಧದ ಅರಸರು ಕುಂಡಲ ರೋಡ ನಿಲ್ದಾಣದ ಹತ್ತಿರ ಪಾಪಾಸುಕಳ್ಳಿ ಬೆಳೆದ ಬಂಜರು ನೆಲವನ್ನು ಕೊಟ್ಟರು. ೧೯೧೦ ರ ಮಾರ್ಚಿಯಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಬೆಳಗಾವಿಯಲ್ಲಿ ಉಳಿದುದು ಕಿರ್ಲೋಸ್ಕರ ರಸ್ತೆಯೆಂಬ ಹೆಸರು. ಒಂದು ವಸ್ತುವು ಹುಟ್ಟಿದ ಊರಿನಲ್ಲಿಯೇ ಅದನ್ನು ಉಳಿಸಿಕೊಳ್ಳುವುದು ಹುಟ್ಟಿಸುವುದಕ್ಕಿಂತ ಕಠಿಣವೆಂಬುದಕ್ಕೆ ಇದು ಒಂದು ಉದಾಹರಣೆ. ಹೂವಿನ ವಿಷಯದಲ್ಲಿಯೂ ಇದನ್ನೇ ಮುಂದೆ ಕಾಣುವೆವು.

೪

ಇನ್ನು ಹಾದಿಗೆ ಬರೋಣ. ಬೆಳಕು ಹರಿಯುವ ಮೊದಲು ನಿಪ್ಪಾಣಿಯನ್ನು ಬಿಟ್ಟ ತರುಣನು ಹೊತ್ತು ಮುಳುಗುವುದರೊಳಗೆ ಕಾಗವಾಡವನ್ನು ಮುಟ್ಟಬಲ್ಲನು. ವಯಸ್ಸಾದವರು ಚಿಕ್ಕೋಡಿಯಿಂದ ಹೊರಡುವುದು ಒಳಿತು. ಫಾಲ್ಗುನ ಬಹುಳದಿಂದ ಚೈತ್ರ ಶುದ್ಧದ ವರೆಗಿನ ಕಾಲವು ತಕ್ಕುದು. ಮಧ್ಯಾಹ್ನದ ಬಿಸಿಲು ಬಲವಾಗಿರುವುದರಿಂದ ಹನ್ನೊಂದರಿಂದ ನಾಲ್ಕರ ವರೆಗೆ ನೆರಳು ಹಿಡಿದು ಕೂಡಬೇಕು.

ನಿಪ್ಪಾಣಿಯ ಸುತ್ತಲಿನ ಹೊಲಗಳು ಬೀಡಿಯ ತಂಬಾಕಿಗೆ ಪ್ರಸಿದ್ಧವಾದುವು. ತಂಬಾಕಿಗೂ ಚೆಲುವಾದ ಹೂವುಂಟು. ಆದರೆ ಹೂವು ಅರಳಿದರೆ ಸಸಿಯ ಸತ್ತ್ವವು ಎಲೆಗೆ ಹೋಗದೆ ಬೀಜಕ್ಕೆ ಹೋಗುವುದೆಂದು ರೈತರು ಮೊಗ್ಗು ಕಾಣುತ್ತಲೇ ಕುಡಿಯನ್ನು ಮುರಿಯುತ್ತಾರೆ. ಎಲೆಯು ದಪ್ಪವಾದಷ್ಟು ಬೆಲೆ. ಆ ಬೆಲೆಗಾಗಿಯೇ ೧೯೮೧ ರ ಮಾರ್ಚಿ-ಏಪ್ರಿಲಗಳಲ್ಲಿ, ಬೇವು ಹೂ ಬಿಡುವ ದಿನಗಳಲ್ಲಿ, ಸಾವಿರಾರು ಒಕ್ಕಲಿಗರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತರು. ಕಡೆಗೆ ಪೋಲೀಸರ ಗುಂಡಿಗೆ ಹತ್ತಕ್ಕಿಂತ ಹೆಚ್ಚು ಜನರು ಬಲಿಯಾದರು. ಆ ವಸಂತವನ್ನು ನಿಪ್ಪಾಣಿಯ ಸೀಮೆಯು ಮರೆತಿಲ್ಲ. ಮರೆಯಲೂಬಾರದು.

ಚಿಕ್ಕೋಡಿಯ ಕಡೆಗೆ ಸಾಗಿದಂತೆ ನೆಲವು ಏರಿಳಿತವಾಗುತ್ತದೆ. ಮಾವಿನ ತೋಪುಗಳಲ್ಲಿ ಹೂವು ಕಳೆದು ಮಿಡಿಗಳು ಕಟ್ಟುತ್ತಿರುತ್ತವೆ. ಗುಡ್ಡದ ಓರೆಯಲ್ಲಿಯೂ ಹೊಲದ ಬದುವಿನಲ್ಲಿಯೂ ಮುತ್ತಲವು ಎದ್ದು ತೋರುತ್ತದೆ. ಸಾಕುರಾ ಮರದಂತೆ ಇದೂ ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಡುವುದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಇದರ ಹೂವಿಗೆ ಪರಿಮಳವಿಲ್ಲವೆಂದು ಸುಭಾಷಿತಕಾರರು ಆಡಿಕೊಂಡಿದ್ದಾರೆ. ಆದರೆ ಈ ಹೂವು ಕಾಯುವುದು ಹಕ್ಕಿಗಳನ್ನು. ಹಕ್ಕಿಯನ್ನು ಕರೆಯಲು ಪರಿಮಳವೇಕೆ, ಕೆಂಪು ಬಣ್ಣವೂ ಮಕರಂದವೂ ಸಾಕು. ಬೆಳಗಿನ ಹೊತ್ತಿನಲ್ಲಿ ಗೊರವಂಕಗಳೂ ಸೂರಕ್ಕಿಗಳೂ ಒಂದೊಂದು ಗಿಡವನ್ನು ಮುತ್ತಿರುವುದನ್ನು ನೋಡಿದವರಿಗೆ ಸೃಷ್ಟಿಕರ್ತನ ಲೆಕ್ಕವು ಸುಭಾಷಿತಕಾರರ ಲೆಕ್ಕಕ್ಕಿಂತ ಸರಿಯಾಗಿರುವುದೆಂದು ತಿಳಿಯುತ್ತದೆ.

ಚಿಕ್ಕೋಡಿ ತಾಲೂಕಿನ ಸದಲಗಾ ಗ್ರಾಮದಲ್ಲಿ ೧೯೦೬ ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರನ್ನು ಇಲ್ಲಿ ಸ್ಮರಿಸದೆ ಮುಂದಕ್ಕೆ ಹೋಗಲಾಗದು. ಪ್ರಾಕೃತ ಭಾಷೆಯ ಹಸ್ತಪ್ರತಿಗಳನ್ನು ಒಂದೊಂದಾಗಿ ಹುಡುಕಿ, ಪಾಠಗಳನ್ನು ಹೋಲಿಸಿ, ಶುದ್ಧಪಡಿಸಿ ಲೋಕಕ್ಕೆ ಕೊಟ್ಟ ವಿದ್ವಾಂಸರು ಅವರು. ಚಿಕ್ಕ ಚಿಕ್ಕ ಬರೆಹಗಳನ್ನು ಕೂಡಿಸಿದರೆ ದೊಡ್ಡ ಚರಿತ್ರೆಯಾಗುವುದೆಂಬುದಕ್ಕೆ ಅವರ ಜೀವನವೇ ಪಾಠವಾಗಿದೆ.

ಚಿಕ್ಕೋಡಿಯಿಂದ ಪೂರ್ವಕ್ಕೆ ರಾಯಬಾಗ. ಈ ಹಾದಿಯ ಹೃದಯವು ಈ ಊರೇ. ಶಾಸನಗಳಲ್ಲಿ ಇದರ ಹೆಸರು ಬಾಗೆ, ಹೂವಿನಬಾಗೆಯೆಂದೂ ಕರೆದಿದ್ದಾರೆ. ಕೂಂಡಿ ಮೂರುಸಾವಿರವನ್ನು ಸವದತ್ತಿಯಿಂದಲೂ ಬಳಿಕ ಬೆಳಗಾವಿಯಿಂದಲೂ ಆಳಿದ ರಟ್ಟರ ಕಾಲದಲ್ಲಿ ಇದು ಹೆಸರಾಂತ ಜೈನಕೇಂದ್ರವಾಗಿತ್ತು. ಕನ್ನಡದಲ್ಲಿ ಬಾಗೆಯೆಂಬುದು ಶಿರೀಷವೃಕ್ಷದ ಹೆಸರೂ ಅಹುದು. ಬೇಸಗೆಯ ಮೊದಲಲ್ಲಿ ನವಿರಾದ ಕುಚ್ಚಿನಂತೆ ಅರಳುವ ಶಿರೀಷವನ್ನು ಕಾಳಿದಾಸನು ಶಾಕುಂತಲದ ಆರಂಭದಲ್ಲಿ ಹೆಂಗಳೆಯರ ಕಿವಿಗೆ ಏರಿಸಿದ್ದಾನೆ. ಊರಿನ ಹೆಸರು ಆ ಮರದಿಂದಲೇ ಬಂದುದೆಂಬುದು ಕಿವಿಗೆ ಇಂಪಾದ ಊಹೆ, ಇಂಪು ಪ್ರಮಾಣವಾಗಲಾರದು. ಆದರೂ ಒಂದು ಮಾತು ನಿಶ್ಚಯ. ದಿನವನ್ನು ಬರೆದಿಡದಿದ್ದರೂ ನಮ್ಮವರು ಹೂವನ್ನು ಊರಿನ ಹೆಸರಿನಲ್ಲಿ ಇಟ್ಟರು. ಅರಸೊತ್ತಿಗೆಗಳು ಬದಲಾದುವು, ಊರು ರಾಯಬಾಗವಾಯಿತು, ಹೆಸರಿನೊಳಗಿನ ಹೂವು ಉದುರಿತು.

ಕನ್ನಡ ನಾಡಿನ ಶಾಸನಗಳಲ್ಲಿ ಹೂವಿನ ಮಾತೇ ಇಲ್ಲವೆಂದು ವಾಚಕರು ತಿಳಿಯಬಾರದು. ದೇವರ ಅಂಗಭೋಗಕ್ಕೆಂದು ಪೂದೋಂಟವನ್ನು ಅಳೆದುಕೊಟ್ಟ ದಾನಗಳು ಬಹಳ ಉಂಟು. ಮತ್ತರು ಎಷ್ಟು, ಕಂಬ ಎಷ್ಟು, ಯಾವ ಕೆರೆಯ ಕೆಳಗೆ ಎಂಬುದೆಲ್ಲ ಅಲ್ಲಿ ಸ್ಪಷ್ಟ. ಆ ತೋಟದಲ್ಲಿ ಯಾವ ಹೂವು ಯಾವಾಗ ಅರಳಿತೆಂಬುದನ್ನು ಮಾತ್ರ ಕಲ್ಲಿನಲ್ಲಿ ಕೊರೆಯಲಿಲ್ಲ.

೧೯೪೯ ರ ವರೆಗೆ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಇಂಗ್ಲಿಷರ ಬೆಳಗಾವಿ ಜಿಲ್ಲೆಯಲ್ಲಿದ್ದುವು. ಒಂದು ದಿನದ ಸೈಕಲ್ಲಿನ ಹಾದಿಯಲ್ಲಿ ಎರಡು ಆಳಿಕೆಗಳನ್ನು ದಾಟಬೇಕಾಗುತ್ತಿತ್ತು. ಬಳಿಕ ಎಲ್ಲವೂ ಮುಂಬಯಿ ರಾಜ್ಯವಾಗಿ, ೧೯೫೬ ರ ನವೆಂಬರ ೧ ರಂದು ಮೈಸೂರು ರಾಜ್ಯಕ್ಕೆ ಸೇರಿದುವು. ಗಡಿಗಳು ಸರಿದಾಡಿದರೂ ಹಾದಿಯ ಗಿಡಗಳು ಇದ್ದಲ್ಲಿಯೇ ಇದ್ದುವು.

ರಾಯಬಾಗದ ಮುಂದೆ ಚಿಂಚಲಿ. ಮಾಘದ ಭರತ ಹುಣ್ಣಿವೆಯ ಕಾಲಕ್ಕೆ ಇಲ್ಲಿಯ ಮಾಯಕ್ಕದೇವಿಯ ಜಾತ್ರೆಯು ಕೂಡುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳಿಂದ ಬಂಡಿಗಳ ಸಾಲು ಬರುತ್ತದೆ. ಭಂಡಾರದ ಹಳದಿಯಲ್ಲಿ ಊರು ಮುಳುಗುತ್ತದೆ. ಮುತ್ತಲದ ಮೊದಲ ಹೂವುಗಳು ತೆರೆಯುವುದೂ ಸುಮಾರು ಇದೇ ಹೊತ್ತಿಗೆ. ಬಂಡಿ ಹೂಡಿಕೊಂಡು ಬಂದ ಮುದುಕರನ್ನು ಕೇಳಿದರೆ, ಇಂತಹ ವರ್ಷ ಜಾತ್ರೆಗೆ ಬಂದಾಗ ಹಾದಿಯ ಗಿಡಗಳು ಹೂ ಬಿಟ್ಟಿದ್ದುವು, ಇಂತಹ ವರ್ಷ ಮೊಗ್ಗೂ ಇರಲಿಲ್ಲವೆಂದು ಹೇಳುವವರು ಇನ್ನೂ ಸಿಕ್ಕುತ್ತಾರೆ. ಇದು ಬಾಯಲ್ಲಿರುವ ದಫ್ತರ. ಆ ಬಾಯಿಗಳು ಮುಚ್ಚಿದ ಮೇಲೆ ಓದುವುದಕ್ಕೆ ಬರುವುದಿಲ್ಲ.

ಕುಡಚಿಯಲ್ಲಿ ಮಾಸಾಹೇಬಾ ದರ್ಗಾವನ್ನು ಕಂಡು ಕೃಷ್ಣಾನದಿಯನ್ನು ದಾಟಬೇಕು. ಮಳೆಗಾಲದಲ್ಲಿ ನೀರು ಏರಿದರೆ ಇಲ್ಲಿಯ ರಸ್ತೆಯ ಸೇತುವೆಯು ಮುಳುಗಿ ಎರಡು ದಡಗಳು ಅಗಲುತ್ತವೆ. ೨೦೧೯ ರ ಮಹಾಪೂರವನ್ನು ಈ ಸೀಮೆಯವರೆಲ್ಲರೂ ಬಲ್ಲರು. ಚೈತ್ರದಲ್ಲಿ ನದಿಯು ಸೌಮ್ಯವಾಗಿ ಮರಳಿನ ನಡುವೆ ಹರಿಯುತ್ತದೆ. ಆಚೆಗೆ ಉಗಾರ. ೧೯೩೯ ರಲ್ಲಿ ಇಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪಿತವಾದ ಮೇಲೆ ಕೃಷ್ಣಾತೀರದ ಬಣ್ಣವೇ ಬದಲಾಗಿ, ಜೋಳ-ಕುಸುಬಿಗಳ ಹೊಲಗಳು ಕಬ್ಬಿನ ಗದ್ದೆಗಳಾದುವು. ಕುಸುಬಿಯ ಕೇಸರಿಬಣ್ಣದ ಹೂವು ಋತುಸಂಹಾರದಲ್ಲಿ ವಸಂತದ ಬಟ್ಟೆಗೆ ರಂಗು ಕೊಟ್ಟುದು. ಜಪಾನದಲ್ಲಿಯೂ ಇದೇ ಹೂವಿನಿಂದ ಕೆಂಪು ಬಣ್ಣವನ್ನು ತೆಗೆಯುತ್ತಿದ್ದರು. ಕಬ್ಬಿನ ಹೂವಿನ ಮಾತು ಬೇರೆ. ಕಬ್ಬು ತುರಾಯಿ ಹಾಕಿತೆಂದರೆ ಅದರ ಬೆಳವಣಿಗೆಯು ನಿಂತಿತೆಂದೂ, ತಡಮಾಡಿದರೆ ತೂಕವೂ ಸಿಹಿಯೂ ಇಳಿಯುವುವೆಂದೂ ರೈತನು ಚಿಂತಿಸುತ್ತಾನೆ. ನೋಡಿರಿ: ಹಾದಿಯ ಮೊದಲಲ್ಲಿ ತಂಬಾಕು, ಕೊನೆಯಲ್ಲಿ ಕಬ್ಬು, ನಮಗೆ ಹಣವನ್ನು ಕೊಡುವ ಎರಡೂ ಬೆಳೆಗಳಲ್ಲಿ ಹೂವು ನಷ್ಟದ ಗುರುತು. ನಮ್ಮ ಕಣ್ಣು ಹೂವಿನಿಂದ ದೂರ ಸರಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಒಕ್ಕಲಿಗನನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಹೊಟ್ಟೆಯ ಲೆಕ್ಕವು ಮೊದಲು.

ಶೇಡಬಾಳದ ಮೇಲೆ ಕಾಗವಾಡಕ್ಕೆ ಬಂದರೆ ಅಲ್ಲಿ ನೆಲಮಾಳಿಗೆಯ ಬಸದಿಯಿದೆ. ಅದರಲ್ಲಿ ಶಕೆ ೧೩೧೬, ಎಂದರೆ ಇ. ಸ. ೧೩೯೪ ರ ಶಾಸನವಿದ್ದು ಯಾಪನೀಯ ಸಂಘದ ಗುರುಗಳನ್ನು ಹೆಸರಿಸುತ್ತದೆ. ಯಾಪನೀಯರ ಚರಿತ್ರೆಯನ್ನು ಬರೆದ ಉಪಾಧ್ಯೆಯವರು ಇದನ್ನು ಗಮನಿಸಿದ್ದಾರೆ. ಇತರ ಕಡೆಗಳಲ್ಲಿ ಕುರುಹಿಲ್ಲದಂತೆ ಕರಗುತ್ತಿದ್ದ ಒಂದು ಪಂಥವು ಹದಿನಾಲ್ಕನೆಯ ಶತಮಾನದ ಕೊನೆಗೂ ಇಲ್ಲಿ ಉಸಿರಾಡುತ್ತಿತ್ತೆಂಬುದು ಆ ಕೆಲವು ಸಾಲುಗಳಿಂದ ತಿಳಿಯಿತು.

ಕಾಗವಾಡದಿಂದ ಪೂರ್ವಕ್ಕೆ ಅಥಣಿಯ ದಾರಿ. ಅತ್ತ ಮಳೆ ಕಡಿಮೆ. ಮುತ್ತಲದ ಬದಲು ಜಾಲಿಯ ಹಳದಿ ಹೂವುಗಳು ಕಣ್ಣಿಗೆ ಬೀಳುತ್ತವೆ. ಜಾಲಿಯ ತೊಗಟೆಯಿಂದಲೂ ಅಳಲೆಕಾಯಿಯಿಂದಲೂ ಹದಮಾಡಿದ ತೊಗಲಿನಲ್ಲಿ ಅಥಣಿಯ ಕುಶಲಕರ್ಮಿಗಳು ಹೊಲಿಯುವ ಪಾದರಕ್ಷೆಗಳು ಕೊಲ್ಹಾಪುರದ ಹೆಸರಿನಲ್ಲಿ ಜಗತ್ತನ್ನು ತಿರುಗಿದುವು. ೨೦೧೯ ರಲ್ಲಿ ಭೌಗೋಳಿಕ ಗುರುತನ್ನು ಕೊಡುವಾಗ ಬೆಳಗಾವಿ ಮೊದಲಾದ ಕರ್ನಾಟಕದ ನಾಲ್ಕು ಜಿಲ್ಲೆಗಳನ್ನೂ ಅದರಲ್ಲಿ ಕೂಡಿಸಿಕೊಂಡರು. ಪಶ್ಚಿಮಕ್ಕೆ ಜುಗೂಳ, ನದಿಯ ಆಚೆಗೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ದೇವಾಲಯದ ಮುಂದೆ ನಂದಿಯಿಲ್ಲ. ನಂದಿಯು ನಮ್ಮ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿರುವುದೆಂದು ಎರಡೂ ದಡಗಳ ಜನರು ಹೇಳುತ್ತಾರೆ. ದೇವರು ಒಂದು ರಾಜ್ಯದಲ್ಲಿ, ಅವನ ವಾಹನವು ಇನ್ನೊಂದರಲ್ಲಿ. ಭಕ್ತರಿಗೆ ಅದರಿಂದ ಯಾವ ತೊಡಕೂ ಆಗಿಲ್ಲ.

ಆ ದೇವಾಲಯದಲ್ಲಿ ಯಾದವರ ಸಿಂಘಣನ ಸಂಸ್ಕೃತ ಶಾಸನವಿದೆ. ಶಕೆ ೧೧೩೬, ಶ್ರೀಮುಖ ಸಂವತ್ಸರ, ಚೈತ್ರಮಾಸ, ಸೂರ್ಯಗ್ರಹಣ, ಸೋಮವಾರ ಎಂದು ಅದರ ಮಿತಿ. ನಮ್ಮ ಲೆಕ್ಕಕ್ಕೆ ಅದು ಇ. ಸ. ೧೨೧೩ ರ ಏಪ್ರಿಲ ೨೨. ಎಂಟುನೂರು ವರ್ಷಗಳ ಹಿಂದಿನ ಒಂದು ದಿನವನ್ನು ಇಷ್ಟು ನಿಷ್ಕೃಷ್ಟವಾಗಿ ಗೊತ್ತುಪಡಿಸುವಂತೆ ಬರೆದ ಪಂಡಿತನಿಗೆ ನಮಸ್ಕಾರ. ಅದು ಚೈತ್ರ, ದೇವಾಲಯದ ಸುತ್ತಲೂ ಗಿಡಗಳಿದ್ದಿರಬೇಕು. ಆಕಾಶದಲ್ಲಿ ಸೂರ್ಯನನ್ನು ರಾಹು ಹಿಡಿದುದನ್ನು ಆತನು ಬರೆದನು. ನೆಲದ ಮೇಲೆ ಯಾವ ಗಿಡವು ಅರಳಿತ್ತೆಂಬುದನ್ನು ಬರೆಯಬೇಕೆಂದು ಆತನಿಗೆ ತೋರಲಿಲ್ಲ. ಕ್ಯೋಟೊದ ಭಿಕ್ಷುವಿಗೆ ತೋರಿತು. ಬುದ್ಧಿಯಲ್ಲಿ ಇಬ್ಬರೂ ಸಮರು. ಅವರ ದೃಷ್ಟಿ ಬಿದ್ದ ಕಡೆ ಬೇರೆ.

೫

ಇದಾದರೂ ಏಕೆ ಬೇಕೆಂದು ಕೇಳುವವರುಂಟು. ಉತ್ತರವು ಈ ಹಾದಿಯಲ್ಲಿಯೇ ಇದೆ. ರಸ್ತೆಗಳನ್ನು ಅಗಲಮಾಡುವಾಗ ಹಾದಿಯ ಗಿಡಗಳು ಹೋಗುತ್ತವೆ. ಬದುವನ್ನು ಕಡಿದು ನೀರಾವರಿಗೆ ಸಮಮಾಡುವಾಗ ಮುತ್ತಲವು ಹೋಗುತ್ತದೆ. ನಾನು ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ಶಾಲೆಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹಾದಿಯಲ್ಲಿ ಮುತ್ತಲದ ಗಿಡಗಳು ಕೈಬೆರಳಿಗೆ ನಿಲುಕುವಷ್ಟು ಇಳಿದುದನ್ನು ಕಂಡಿದ್ದೇನೆ. ಹವೆಯೂ ಮೊದಲಿನಂತಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಮಾವು ಹಿಂದಿಗಿಂತ ಬೇಗ ಹೂ ಬಿಡುವುದೋ ತಡವಾಗಿಯೋ, ಬೇವಿನ ಹೂವು ಯುಗಾದಿಗೆ ಸಿಕ್ಕುವುದೋ ಇಲ್ಲವೋ ಎಂದು ಕಟ್ಟೆಯ ಮೇಲೆ ವಾದಗಳು ನಡೆಯುತ್ತವೆ. ವಾದವನ್ನು ತೀರಿಸಬಲ್ಲ ಕಾಗದವು ಮಾತ್ರ ಯಾರ ಕೈಯಲ್ಲಿಯೂ ಇಲ್ಲ.

ನಮ್ಮ ಧರ್ಮಾಚರಣೆಯಲ್ಲಿ ಈ ಕಾಗದಕ್ಕೆ ಒಂದು ಸಿದ್ಧವಾದ ಮೊದಲು ಇದೆ. ಯುಗಾದಿಯ ದಿನ ಪ್ರತಿಯೊಂದು ಮನೆಗೂ ಬೇವಿನ ಹೂವು ಬೇಕು. ಗೊತ್ತಾದ ಒಂದು ತಿಥಿಗೆ ಊರಿಗೆ ಊರೇ ಒಂದು ಗಿಡದ ಹೂವನ್ನು ಹುಡುಕುವುದು ಇದೊಂದೇ ಹಬ್ಬದಲ್ಲಿರಬಹುದು. ಆದರೆ ತಿಥಿಯನ್ನಷ್ಟೇ ಬರೆದರೆ ಸಾಲದು. ಹನ್ನೆರಡು ಚಾಂದ್ರಮಾಸಗಳು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆಯಾಗಿ, ಅಧಿಕಮಾಸದಿಂದ ಮತ್ತೆ ಸರಿಹೋಗುವುದರಿಂದ ಯುಗಾದಿಯು ಹಿಂದೆ ಮುಂದೆ ಸರಿಯುತ್ತಿರುತ್ತದೆ. ೨೦೨೩ ರಲ್ಲಿ ಅದು ಮಾರ್ಚಿ ೨೨ ಕ್ಕೆ ಬಂದಿತು. ಮರುವರ್ಷ ಏಪ್ರಿಲ ೯ ಕ್ಕೆ. ಗಿಡವು ಅನುಸರಿಸುವುದು ಸೂರ್ಯನನ್ನು. ಆದುದರಿಂದ ತಿಥಿಯ ಜೊತೆಗೆ ತಾರೀಖನ್ನೂ ಬರೆಯಬೇಕು. ಎರಡನ್ನೂ ಬರೆದವನ ಲೆಕ್ಕವು ಪಂಡಿತನಿಗೂ ಸಲ್ಲುವುದು, ಶಾಸ್ತ್ರಜ್ಞನಿಗೂ ಸಲ್ಲುವುದು.

ಇದಕ್ಕೆ ಸರಕಾರದ ಹಣ ಬೇಡ, ಯಂತ್ರ ಬೇಡ. ಪ್ರತಿಯೊಂದು ಶಾಲೆಯು ತನ್ನ ಹತ್ತಿರದ ಒಂದು ಗಿಡವನ್ನು ಗೊತ್ತುಮಾಡಲಿ: ನಿಪ್ಪಾಣಿ, ಚಿಕ್ಕೋಡಿಗಳ ಕಡೆಗೆ ಮುತ್ತಲ, ರಾಯಬಾಗದಲ್ಲಿ ಬಾಗೆ, ಕಾಗವಾಡದಲ್ಲಿ ಬೇವು, ಅಥಣಿಯಲ್ಲಿ ಜಾಲಿ. ಅದರಲ್ಲಿ ಐದಾರು ಹೂವುಗಳು ತೆರೆದ ದಿನವನ್ನು ಮಕ್ಕಳಿಂದಲೇ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆಯಿಸಲಿ. ಗಿಡವು ಯಾವುದು, ಎಲ್ಲಿದೆ, ನೋಡಿದವರು ಯಾವ ತರಗತಿಯವರು ಎಂಬುದನ್ನೂ ಸೇರಿಸಲಿ. ಶಿಕ್ಷಕರು ವರ್ಗವಾಗಿ ಹೋಗುತ್ತಾರೆ. ಪುಸ್ತಕವು ಶಾಲೆಯಲ್ಲಿಯೇ ಉಳಿಯಲಿ. ಮನೆಯಲ್ಲಿ ದಿನಚರಿಯನ್ನು ಇಡುವವರು ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ಸಾಲು ಬರೆದರೂ ಆಯಿತು. ಹತ್ತು ವರ್ಷಗಳ ಮೇಲೆ ಅದು ಕುತೂಹಲದ ವಸ್ತುವಾಗುವುದು. ಐವತ್ತು ವರ್ಷಗಳ ಮೇಲೆ ಪ್ರಮಾಣಗ್ರಂಥವಾಗುವುದು. ಗುರುತಿಟ್ಟ ಗಿಡಕ್ಕೆ ಇನ್ನೊಂದು ಲಾಭವೂ ಉಂಟು. ಪ್ರತಿವರ್ಷ ಹೆಸರು ಬರೆಯುವ ಗಿಡವನ್ನು ಕಡಿಯಲು ಬಂದವನನ್ನು ಊರು ಒಂದು ಮಾತು ಕೇಳುತ್ತದೆ.

ಬೆಳಗಾವಿಯ ಸೈಕಲ್ಲಿನ ಅಂಗಡಿಯನ್ನು ನಾವು ಉಳಿಸಿಕೊಳ್ಳಲಿಲ್ಲ. ಅದು ನೇಗಿಲಾಗಿ ಬೇರೆ ಕಡೆ ಬೆಳೆಯಿತು. ಹೂವಿನಬಾಗೆಯೆಂಬ ಹೆಸರನ್ನೂ ಉಳಿಸಿಕೊಳ್ಳಲಿಲ್ಲ. ಉಳಿದಿರುವುದು ಹಾದಿ, ಹಾದಿಯ ಬದಿಗೆ ಅಲ್ಲಲ್ಲಿ ಒಂದು ಗಿಡ, ಮತ್ತು ವರ್ಷಕ್ಕೊಮ್ಮೆ ತಪ್ಪದೆ ಬರುವ ಹೂವು. ಬರುವ ಮಾಘದಲ್ಲಿ ವಾಚಕರು ತಂತಮ್ಮ ಊರಿನ ಸುತ್ತ ಸೈಕಲ್ಲಿನ ಮೇಲೆ ಒಂದು ದಿನ ಹೊರಡಲಿ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಜೇಬಿನಲ್ಲಿ ಒಂದು ಸೀಸದಕಡ್ಡಿಯನ್ನೂ ನಾಲ್ಕು ಹಾಳೆ ಕಾಗದವನ್ನೂ ಇಟ್ಟುಕೊಳ್ಳಲಿ. ಹೀಗೆ ಬರೆದ ದಿನಾಂಕಗಳನ್ನು ಈ ಸಂಘಕ್ಕೆ ಕಳಿಸಿಕೊಟ್ಟರೆ ಒಂದೆಡೆಯಲ್ಲಿ ಕೂಡಿಸಿಡುವ ಕೆಲಸವು ಆರಂಭವಾಗಬಹುದು.